ಕವಿಶೈಲದ ಬಂಡೆಯ ಮೇಲೆ ತಳುಕಿನ ಹೆಸರು

ತಳುಕು ನಮ್ಮ ಚಳ್ಳಕೆರೆ ತಾಲ್ಲೂಕಿನ ಊರು. ಶೇಂಗಾ ಹೊಲ, ಜಾಲಿ ಗಿಡ, ಕುರಿಮಂದೆಗಳ ಆ ಬಯಲುಸೀಮೆಗೂ ತುಂಗೆಯ ದಡದ ಮಲೆನಾಡಿಗೂ ಏನು ನಂಟು ಎಂದು ಕೇಳಿದಾಗಲೆಲ್ಲ, ಕನ್ನಡ ಮೇಷ್ಟರಾಗಿ ನಿವೃತ್ತರಾದ ನಮ್ಮ ದೊಡ್ಡಪ್ಪ "ಕುಪ್ಪಳಿಗೆ ಹೋಗಿ ನೋಡಪ್ಪಾ, ಬಂಡೆ ಮೇಲೆ ಬರೆದೈತೆ" ಎನ್ನುತ್ತಿದ್ದರು. ಕಳೆದ ಕಾರ್ತಿಕದಲ್ಲಿ ಅವರನ್ನೇ ಕರೆದುಕೊಂಡು ಹೋಗಿಬಂದೆ.

ಚಿತ್ರದುರ್ಗದಿಂದ ನಸುಕಿನಲ್ಲಿ ಹೊರಟು, ಹೊಳಲ್ಕೆರೆ, ಹೊಳೆಹೊನ್ನೂರು ದಾಟಿ ಶಿವಮೊಗ್ಗ ಸೇರಿದೆವು. ತೀರ್ಥಹಳ್ಳಿ ಬಿಟ್ಟು ಕೊಪ್ಪದ ದಾರಿ ಹಿಡಿದ ಮೇಲೆ, ಕಣ್ಣು ಹಾಯುವಷ್ಟು ದೂರ ಬಯಲನ್ನೇ ನೋಡಿ ಬೆಳೆದ ನಮಗೆ, ಹತ್ತು ಮಾರು ಆಚೆಗೆ ಏನಿದೆಯೆಂದು ತೋರಗೊಡದ ಕಾಡು, ಅಡಿಕೆ ತೋಟ, ತೋಟದ ಕೆಳಗೆ ಹೊಂಬಣ್ಣಕ್ಕೆ ತಿರುಗುತ್ತಿದ್ದ ಭತ್ತದ ಗದ್ದೆ, ಎಲ್ಲವೂ ಬೇರೊಂದು ಲೋಕವೆನಿಸಿತು.

ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ; ಬೆಳೆದದ್ದು ಕುಪ್ಪಳಿಯ ಈ ಮೂರು ಅಂತಸ್ತಿನ ಹೆಂಚಿನ ಮನೆಯಲ್ಲಿ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಇದನ್ನು ಸ್ಮಾರಕವಾಗಿ ಕಾಪಾಡಿಕೊಂಡು ಬಂದಿದೆ. ನಡುವಿನ ಅಂಗಳಕ್ಕೆ ಬಿಸಿಲು ನೇರ ಇಳಿಯುತ್ತದೆ, ಸುತ್ತಲಿನ ಕೋಣೆಗಳಲ್ಲಿ ಮಾತ್ರ ಹಗಲಲ್ಲೂ ತಂಪು ನೆರಳು. ಅಡುಗೆಮನೆಯ ಪಾತ್ರೆಗಳನ್ನೂ ಬೇಸಾಯದ ಸಾಮಾನುಗಳನ್ನೂ ಪುಸ್ತಕ, ಪ್ರಶಸ್ತಿಗಳಷ್ಟೇ ಗೌರವದಿಂದ ಇಟ್ಟಿದ್ದಾರೆ. ಅದು ನನಗೆ ಬಹಳ ಸರಿಯೆನಿಸಿತು. ಅವರ ಕಾದಂಬರಿಗಳಲ್ಲಿ ಬರುವ ಒಕ್ಕಲು ಬದುಕು ಈ ಮನೆಯ ಅನ್ನ ಉಂಡೇ ಬೆಳೆದದ್ದಲ್ಲವೇ?

ದೊಡ್ಡಪ್ಪನ ಮನಸ್ಸು ಮಾತ್ರ ಗುಡ್ಡದ ಮೇಲಿತ್ತು. ಮಂಡಿನೋವನ್ನೂ ಲೆಕ್ಕಿಸದೆ ಕವಿಶೈಲ ಹತ್ತಿದರು. 1994ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಕವಿಯ ಸಮಾಧಿ ಇರುವುದು ಇಲ್ಲೇ. ಸುತ್ತ ನಿಲ್ಲಿಸಿರುವ ಭಾರಿ ಕಲ್ಲುಗಳನ್ನು ಕಂಡಾಗ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬೃಹತ್ ಶಿಲಾಯುಗದ ಗೋರಿಗಳು ನೆನಪಾದವು. ಅದೇ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನೂ ನೋಡಿ ಬೆಳೆದವರಾದ್ದರಿಂದ, ಕಲ್ಲಿನ ಅಕ್ಷರವನ್ನು ಬಿಸಿಲು ಓರೆಯಾದಾಗ ಓದಬೇಕೆಂಬುದು ನಮಗೆ ಗೊತ್ತು. ಮಧ್ಯಾಹ್ನ ಕಳೆಯುವವರೆಗೂ ಕಾದೆವು.

ಬಂಡೆಯ ಮೇಲೆ ಹೆಸರಿನ ಅಕ್ಷರಗಳು: ಕುವೆಂಪು, ಅವರ ಗುರು ಬಿ.ಎಂ.ಶ್ರೀ, ಇನ್ನೊಬ್ಬ ಗುರು ಟಿ.ಎಸ್. ವೆಂಕಣ್ಣಯ್ಯ. ಆ ಕೊನೆಯ ಹೆಸರೇ ನಮ್ಮ ತಳುಕಿನದು. ಅಕ್ಷರಗಳ ಅಂಚು ಸವೆದಿದೆ, ಗೆರೆಯೊಳಗೆ ನೆರಳು ತುಂಬಿದಾಗಲಷ್ಟೇ ಎದ್ದು ಕಾಣುತ್ತವೆ. ಬಂದವರು ಅವುಗಳ ಮೇಲೆಯೇ ಕಾಲಿಟ್ಟು ಸೆಲ್ಫಿ ತೆಗೆದುಕೊಳ್ಳುತ್ತಿದ್ದುದನ್ನು ಕಂಡು ದೊಡ್ಡಪ್ಪನಿಗೆ ನೋವಾಯಿತು.

ತತ್ತ್ವಶಾಸ್ತ್ರದ ಕಡೆ ಹೊರಟಿದ್ದ ಶಿಷ್ಯನನ್ನು ಕನ್ನಡ ಎಂ.ಎ.ಗೆ ಸೇರುವಂತೆ ಒಪ್ಪಿಸಿದವರು ವೆಂಕಣ್ಣಯ್ಯ. ಅವರು 1939ರಲ್ಲಿ ತೀರಿಕೊಂಡರು. 'ಶ್ರೀ ರಾಮಾಯಣ ದರ್ಶನಂ' ಅಚ್ಚಾಗಿ ಬಂದದ್ದು 1949ರಲ್ಲಿ. ಮುಗಿದದ್ದನ್ನು ನೋಡಲು ಗುರು ಉಳಿದಿರಲಿಲ್ಲ. ಆದರೂ ಆ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಅವರಿಗೇ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕಾವ್ಯದ ಮೊದಲ ಪುಟಗಳಲ್ಲಿ ಚಳ್ಳಕೆರೆ ಸೀಮೆಯ ಮೇಷ್ಟರೊಬ್ಬರ ಹೆಸರಿದೆಯೆಂಬುದನ್ನು ನಮ್ಮ ಜಿಲ್ಲೆಯ ಪ್ರತಿ ಮಗುವೂ ತಿಳಿದಿರಬೇಕೆಂದು ನನ್ನ ಆಸೆ.

ಸಂಜೆ ಪಡುವಣದ ಬೆಟ್ಟಗಳು ಒಂದರ ಹಿಂದೊಂದು ನೀಲಿಯಾಗುತ್ತಿದ್ದಾಗ, ದೊಡ್ಡಪ್ಪ ಚೀಲದಿಂದ ತಮ್ಮ ಹಳೆಯ ಪ್ರತಿ ತೆಗೆದು, ಆ ಅಕ್ಷರಗಳ ಪಕ್ಕದಲ್ಲೇ ಕುಳಿತು, ಅರ್ಪಣೆಯ ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಓದಿ ಮುಗಿಸುವಷ್ಟರಲ್ಲಿ ಬೆಳಕು ಇಳಿದು ಬಂಡೆಯ ಮೇಲಿನ ಹೆಸರುಗಳು ಕಾಣದಾಗಿದ್ದವು. ಅವರ ಕೈ ಹಿಡಿದು, ಮೊಬೈಲಿನ ಬೆಳಕಿನಲ್ಲಿ ನಿಧಾನವಾಗಿ ಗುಡ್ಡ ಇಳಿದೆ.