ಹೆಸರು ಬದಲಿಸಿದರೆ ನಿಯಮ ತಪ್ಪುತ್ತದಾ?

ಫೋನಿನಲ್ಲೋ ವಿಡಿಯೋದಲ್ಲೋ ಡಾಕ್ಟರು ರೋಗಿಯನ್ನು ನೋಡುವ ಟೆಲಿಮೆಡಿಸಿನ್‌ಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದದ್ದು 2020ರ ಮಾರ್ಚ್ 25ಕ್ಕೆ, ಇಡೀ ದೇಶಕ್ಕೆ ಲಾಕ್‌ಡೌನ್ ಬಿದ್ದ ದಿನವೇ. ಆ ಗಡಿಬಿಡಿಯಲ್ಲಿ ಅದನ್ನು ಓದಿದವರು ಕಡಿಮೆ. ಅದರಲ್ಲಿ ಒಂದು ಮಾತು ತುಂಬ ಸ್ಪಷ್ಟವಾಗಿದೆ: ಎಐ ವೇದಿಕೆಗಳು ರೋಗಿಗಳಿಗೆ ಕೌನ್ಸೆಲಿಂಗ್ ಮಾಡುವಂತಿಲ್ಲ, ಔಷಧಿ ಬರೆದುಕೊಡುವಂತಿಲ್ಲ. ಡಾಕ್ಟರಿಗೆ ನೆರವಾಗಬಹುದು, ಅಷ್ಟೇ.

ಅಂದರೆ ನಮ್ಮಲ್ಲಿ ನಿಯಮವೇ ಇಲ್ಲ ಅಂತಲ್ಲ. ಇದೆ. ಆದರೂ ಮಣಿಪಾಲದ ಪಿಜಿಯಲ್ಲೋ ದೇರಳಕಟ್ಟೆಯ ಹಾಸ್ಟೆಲಿನಲ್ಲೋ ಒಬ್ಬಳು ಹುಡುಗಿ ರಾತ್ರಿ ಎರಡು ಗಂಟೆಗೆ ಫೋನ್ ತೆಗೆದು ತನ್ನ ಮಂಡೆಬಿಸಿಯನ್ನೆಲ್ಲ ಚಾಟ್‌ಬಾಟ್ ಹತ್ತಿರ ಹೇಳಿಕೊಳ್ಳುತ್ತಾಳೆ, ಅದು ಸಲಹೆ ಕೊಡುತ್ತಾ ಹೋಗುತ್ತದೆ, ಯಾರೂ ಕೇಳುವವರಿಲ್ಲ. ಹೇಗೆ ಅಂದರೆ, ಆ್ಯಪ್ ತನ್ನನ್ನು ಚಿಕಿತ್ಸೆ ಅಂತ ಕರೆದುಕೊಳ್ಳುವುದೇ ಇಲ್ಲ. ವೆಲ್‌ನೆಸ್ ಅನ್ನುತ್ತದೆ, ಫ್ರೆಂಡ್ ಅನ್ನುತ್ತದೆ. ಬಳಸುವವಳು ರೋಗಿ ಅಲ್ಲ, ಯೂಸರ್. ಬೋರ್ಡಿನಲ್ಲಿ ಕ್ಲಿನಿಕ್ ಅಂತ ಬರೆಯದೆ 'ಆರೋಗ್ಯ ಕೇಂದ್ರ' ಅಂತ ಬರೆದು ಒಳಗೆ ಇಂಜೆಕ್ಷನ್ ಚುಚ್ಚಿದರೆ ನಾವು ಸುಮ್ನೆ ಬಿಡ್ತೇವಾ ಮಾರಾಯ್ರೆ?

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುವವಳು. ಮಕ್ಕಳು ಇದನ್ನು ಮುಚ್ಚಿಡುವುದಿಲ್ಲ. "ಮೇಡಂ, ಎಷ್ಟು ಸಲ ಅದೇ ಹೇಳಿದ್ರೂ ಅದಕ್ಕೆ ಬೇಜಾರಾಗುವುದಿಲ್ಲ" ಅನ್ನುತ್ತಾರೆ. ಅವರನ್ನು ಬೈಯುವ ಮನಸ್ಸು ನನಗಿಲ್ಲ. ನಮ್ಮೂರಿನಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರ ಇಲ್ಲ, ಸರ್ಕಾರಿ ಆಸ್ಪತ್ರೆ ವೆನ್ಲಾಕ್ ಇದೆ, ಉಡುಪಿ ಕಡೆಯೂ ಒಳ್ಳೆಯ ಮನೋವೈದ್ಯರಿದ್ದಾರೆ. ಆದರೆ ಆ ಒಪಿಡಿ ಎದುರು ಕೂತಾಗ ಪರಿಚಯದವರು ಯಾರಾದರೂ ಕಂಡರೆ ಅನ್ನುವ ಹೆದರಿಕೆ, ಎರಡನೇ ಸಲಕ್ಕೆ ಫೀಸು ಎಲ್ಲಿಂದ ಅನ್ನುವ ಚಿಂತೆ, ಮನೆಯಲ್ಲಿ ಎಂತ ಹೇಳುವುದು ಅನ್ನುವ ಪ್ರಶ್ನೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಹೆಚ್ಚಿನ ಮಾನಸಿಕ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಫೋನು ಈ ಖಾಲಿ ಜಾಗಕ್ಕೇ ಬಂದು ಕೂತಿದೆ.

ಎಷ್ಟು ದೊಡ್ಡದಾಗಿ ಕೂತಿದೆ ಅಂತ ಚಾಟ್‌ಜಿಪಿಟಿಯ ಕಂಪೆನಿ ಓಪನ್‌ಎಐ ತಾನೇ 2025ರ ಅಕ್ಟೋಬರಿನಲ್ಲಿ ಹೇಳಿತು. ಒಂದು ವಾರದಲ್ಲಿ ಬಳಸುವವರಲ್ಲಿ ಸುಮಾರು ಶೇ. 0.15 ಮಂದಿಯ ಮಾತಿನಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ತಯಾರಿಯ ಸ್ಪಷ್ಟ ಸುಳಿವು ಇರುತ್ತದಂತೆ. ಚಿಕ್ಕ ಸಂಖ್ಯೆ ಅನ್ನಿಸಬಹುದು. ಆದರೆ ಆಗ ವಾರಕ್ಕೆ ಬಳಸುವವರೇ 80 ಕೋಟಿ. ಗುಣಿಸಿ ನೋಡಿ, 12 ಲಕ್ಷ. ಇಷ್ಟು ಜನ ಜೀವದ ಮಾತು ಆಡುವ ಜಾಗವನ್ನು ಬರೀ ವೆಲ್‌ನೆಸ್ ಅಂತ ಬಿಡಲು ನನಗೆ ಮನಸ್ಸು ಒಪ್ಪುವುದಿಲ್ಲ.

ಅಮೆರಿಕದ ಇಲಿನಾಯ್ ರಾಜ್ಯ 2025ರ ಆಗಸ್ಟಿನಲ್ಲಿ ಒಂದು ಕಾನೂನು ತಂದಿತು. ಥೆರಪಿಯನ್ನು ಎಐ ಕೊಡುವಂತಿಲ್ಲ, ಎಐ ಥೆರಪಿ ಅಂತ ಜಾಹೀರಾತು ಹಾಕುವಂತಿಲ್ಲ, ತಪ್ಪಿದರೆ ಒಂದೊಂದು ಸಲಕ್ಕೂ 10,000 ಡಾಲರ್‌ವರೆಗೆ ದಂಡ. ಅಪಾಯಿಂಟ್‌ಮೆಂಟ್ ಬರೆಯುವುದು, ಬಿಲ್ಲು ನೋಡುವುದು, ಅಂಥ ಕೆಲಸಕ್ಕೆ ಬಳಸಬಹುದು. ಅದೇ ವರ್ಷ ಯೂಟಾ ಬೇರೆ ದಾರಿ ಹಿಡಿಯಿತು: ಬಾಟ್ ಇರಲಿ, ಆದರೆ ತಾನು ಮನುಷ್ಯ ಅಲ್ಲ ಅಂತ ಹೇಳಲೇಬೇಕು, ಜನ ಹೇಳಿಕೊಂಡ ಆರೋಗ್ಯದ ವಿಷಯವನ್ನು ಮಾರುವಂತಿಲ್ಲ. ನನಗೆ ಈ ಮಾರಬಾರದು ಅನ್ನುವ ಮಾತೂ ಅಷ್ಟೇ ಮುಖ್ಯ ಅನ್ನಿಸುತ್ತದೆ. ವೆನ್ಲಾಕ್‌ನಲ್ಲಿ ಡಾಕ್ಟರ ಎದುರು ಹೇಳಿದ ಮಾತಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ರಕ್ಷಣೆ ಇದೆ, ಅವರು ಅದನ್ನು ಹೊರಗೆ ಆಡುವಂತಿಲ್ಲ. ಅದೇ ಮಾತನ್ನು ಆ್ಯಪಿಗೆ ಟೈಪ್ ಮಾಡಿದರೆ? 2023ರ ಡೇಟಾ ರಕ್ಷಣೆ ಕಾಯ್ದೆ ಇದೆ ನಿಜ, ಆದರೆ ಅದು ಆರೋಗ್ಯದ ಮಾಹಿತಿಯನ್ನು ಬೇರೆಯಾಗಿ, ಜಾಸ್ತಿ ಕಾಳಜಿಯಿಂದ ನೋಡುವುದೇ ಇಲ್ಲ.

ಹಾಗಂತ ಎಲ್ಲ ಬಂದ್ ಮಾಡಿ ಅನ್ನುವವಳಲ್ಲ ನಾನು. ಅಮೆರಿಕದಲ್ಲೇ, ಈಟಿಂಗ್ ಡಿಸಾರ್ಡರ್, ಅಂದರೆ ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ ಇರುವವರಿಗಾಗಿ ಇದ್ದ ಒಂದು ಸಂಸ್ಥೆ 2023ರಲ್ಲಿ ಮನುಷ್ಯರು ಉತ್ತರಿಸುತ್ತಿದ್ದ ಹೆಲ್ಪ್‌ಲೈನ್ ಮುಚ್ಚಲು ಹೊರಟಿತು, ಟೆಸ್ಸಾ ಅನ್ನುವ ಬಾಟ್ ಉಳಿಯಬೇಕಿತ್ತು. ಅದು ತೂಕ ಇಳಿಸಿಕೊಳ್ಳುವ ಸಲಹೆ ಕೊಡತೊಡಗಿತು! ಅಂಥವರಿಗೆ ಅದು ವಿಷ. ಬಾಟನ್ನೂ ತೆಗೆಯಬೇಕಾಯಿತು. ಬಾಟ್ ಹೋಯಿತು ಅಂತ ಮನುಷ್ಯರು ವಾಪಸ್ ಬಂದು ಕೂರುವುದಿಲ್ಲ, ಅಲ್ವಾ? ನಮ್ಮಲ್ಲಿಯೂ ನಿಷೇಧದ ಜೊತೆಗೇ ಕಾಲೇಜುಗಳಲ್ಲಿ ಪೂರ್ಣಾವಧಿ ಕೌನ್ಸೆಲರ್‌ಗಳನ್ನು ನೇಮಿಸದಿದ್ದರೆ ಮಕ್ಕಳು ಎಲ್ಲಿಗೆ ಹೋಗಬೇಕು?

ನಿಯಮ ಬರೆಯುವವರು ಹೆಸರು ನೋಡಬಾರದು, ಮಾಡುವ ಕೆಲಸ ನೋಡಬೇಕು. ದುಃಖದಲ್ಲಿರುವವರಿಗೆ ಸಲಹೆ ಕೊಡುತ್ತದೆ ಅಂದರೆ ಅದು ಕೌನ್ಸೆಲಿಂಗೇ. ಇನ್ನೊಂದು, ನಮ್ಮ ಕರಾವಳಿಯ ಮಕ್ಕಳು ತುಳು, ಬ್ಯಾರಿ, ಕನ್ನಡ ಎಲ್ಲ ಬೆರೆಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಆ ಬರಹದಲ್ಲಿ ಸಾಯುವ ಮಾತು ಬಂದರೆ ಗುರುತು ಹಿಡಿಯುತ್ತದೆ ಅಂತ ತೋರಿಸಿದ ಮೇಲೆಯೇ ಆ್ಯಪಿಗೆ ಇಲ್ಲಿ ಅನುಮತಿ ಸಿಗಬೇಕು.

ಕಾಲೇಜು ನಡೆಸುವವರು ಇದಕ್ಕೆಲ್ಲ ಕಾನೂನು ಬರಲಿ ಅಂತ ಕಾಯಬೇಕಾಗಿಲ್ಲ. ಇಂಥ ಆ್ಯಪ್ ಮಾರಲು ಬಂದವರನ್ನು ಸಹಿ ಹಾಕುವ ಮೊದಲು ಕೇಳಿ: ರಾತ್ರಿ ಅಪಾಯದ ಮಾತು ಬಂದರೆ ನಿಮ್ಮ ಕಡೆಯ ಯಾವ ಮನುಷ್ಯ ಅದನ್ನು ನೋಡುತ್ತಾನೆ? ಎಷ್ಟು ಹೊತ್ತಿನೊಳಗೆ? ಉತ್ತರ ಸರಿ ಬಾರದಿದ್ದರೆ ಅವರನ್ನು ಕಳಿಸಿಬಿಡಿ, ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ ದೊಡ್ಡದಾಗಿ 14416 ಅಂತ ಬರೆಸಿ. ಅದು ಸರ್ಕಾರದ ಟೆಲಿ ಮಾನಸ್ ನಂಬರ್, 2022ರಿಂದ ಇದೆ, ದುಡ್ಡು ಬೇಡ, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.