ಬಾಣ ಸರಿಯಾದ ಬಾವಿಗೇ ತೋರಿಸಬೇಕು

ಬೀದರ್‌ನ ನಮ್ಮ ಕಾಲೇಜಿನಲ್ಲಿ ಊರಿನ ಸ್ಮಾರಕಗಳ ಬಗ್ಗೆ ಒಂದು ದಿನದ ಕಾರ್ಯಕ್ರಮ ಇತ್ತು. ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ನೌಬಾದ್‌ನ ಕರೇಜ್ (ನೆಲದಡಿಯ ನೀರಿನ ಕಾಲುವೆ), ಬಿದ್ರಿ ಕಲೆ, ಹೀಗೆ ಒಬ್ಬೊಬ್ಬ ಉಪನ್ಯಾಸಕರು ಒಂದೊಂದು ವಿಷಯ ತಗೊಂಡರು. ಎಲ್ಲರಿಗೂ ಸ್ಲೈಡ್ ಮಾಡಲು ಒಂದೇ ಟೆಂಪ್ಲೇಟ್, ಅಂದರೆ ಮಾದರಿ ಫೈಲ್, ಹೋಗಿತ್ತು. ಹಿಂದಿನ ದಿನ ಎಲ್ಲ ಸ್ಲೈಡ್‌ಗಳನ್ನು ಒಂದೇ ಫೈಲ್‌ಗೆ ಸೇರಿಸುವುದು ನನ್ನ ಕೆಲಸ.

ತೆರೆದು ನೋಡಿದರೆ ಒಂದೊಂದು ಫೈಲ್ ಒಂದೊಂದು ಥರ. ಪವರ್‌ಪಾಯಿಂಟ್ 2010ರಲ್ಲಿ ಮಾಡಿದವು ಹಳೆಯ 4:3 ಅಳತೆಯಲ್ಲಿದ್ದವು. 2013ರಿಂದ ಹೊಸ ಫೈಲ್ ತಾನಾಗಿಯೇ 16:9 ಆಗುತ್ತದೆ. ಒಬ್ಬರು ಹಳೆಯ ಆವೃತ್ತಿಯಲ್ಲೇ ಅಳತೆ ಬದಲಿಸಿದ್ದರು. ಮದರಸಾದ ಉಳಿದಿರುವ ಒಂದೇ ಮಿನಾರು ಅಡ್ಡಕ್ಕೆ ಎಳೆದು ದಪ್ಪವಾಗಿತ್ತು. ಚಿತ್ರ ತೆಗೆದು ಮತ್ತೆ ಹಾಕಿದೆ.

ನಿಜವಾದ ಕಷ್ಟ ಅಕ್ಷರದ್ದು. ಆಫೀಸ್‌ನ ಮೂಲ ಥೀಮ್ ಒಳಗೆ ಕನ್ನಡಕ್ಕೆ ತುಂಗಾ ಫಾಂಟ್ ಎಂದು ಬರೆದಿರುತ್ತದೆ. ಆದರೆ ವಿಂಡೋಸ್ 10ರಲ್ಲಿ ತುಂಗಾ ಬೇಕೆಂದರೆ ಮಾತ್ರ ಹಾಕಿಕೊಳ್ಳುವ ಫಾಂಟ್. ಅದು ಇಲ್ಲದ ಕಡೆ ನಿರ್ಮಲಾ ಯುಐ ಬಂದು ಕೂರುತ್ತದೆ. ಎರಡರ ಅಗಲ ಬೇರೆ, ಸಾಲು ಮುರಿಯುವ ಜಾಗವೂ ಬೇರೆ. ಲಿನಕ್ಸ್‌ನಲ್ಲಿ ಸ್ಲೈಡ್ ತೆರೆಯುವ ಇಂಪ್ರೆಸ್ ತಂತ್ರಾಂಶದಲ್ಲಿ ಮೂರನೆಯದೇ ಫಾಂಟ್. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಸ್ಲೈಡ್‌ಗಳಂತೂ ನುಡಿ ಇಲ್ಲದ ಕಂಪ್ಯೂಟರ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. "ನಮ್ ಕಂಪ್ಯೂಟರ್‌ದಾಗ ಎಲ್ಲಾ ಛಲೋ ಕಾಣ್ತದ್ರಿ ಸರ್" ಎಂದರು ಒಬ್ಬರು. ಅವರ ಮಾತು ಸುಳ್ಳಲ್ಲ.

ಕರೇಜ್ ಚಿತ್ರ ನೋಡಿ ನನಗೆ ಗಾಬರಿಯಾಯಿತು. ನೆಲದಡಿ ನೀರಿನ ಕಾಲುವೆ, ಅದರ ಮೇಲೆ ಸಾಲಾಗಿ ಗಾಳಿ ಬಾವಿಗಳು, ಪಕ್ಕದಲ್ಲಿ ಬಾಣ ಹಾಕಿ ಬರೆದ ಹೆಸರುಗಳು. ಅಕ್ಷರ ಅಗಲವಾದದ್ದೇ ತಡ, ಹೆಸರುಗಳು ಕೆಳಗಿನ ಸಾಲಿಗೆ ಜಾರಿದ್ದವು. 'ಮೂಲ ಬಾವಿ' ಎಂಬುದು ಬೇರೊಂದು ಬಾವಿಯ ಪಕ್ಕ ನಿಂತಿತ್ತು. ಮಕ್ಕಳು ಅದನ್ನೇ ನಿಜ ಎಂದು ಬರೆದುಕೊಳ್ಳುತ್ತಾರೆ, ಅಲ್ವಾ? ಟೆಂಪ್ಲೇಟ್ ಅಂದರೆ ಸುಮ್ನೆ ಅಲಂಕಾರ ಎನ್ನುವವರಿಗೆ ನಾನು ಈ ಸ್ಲೈಡನ್ನೇ ತೋರಿಸುತ್ತೇನೆ.

ನುಡಿ ಬರಹವನ್ನೆಲ್ಲ ಯಾವ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ಗೆ ಬದಲಿಸಿದೆ. ಒತ್ತಕ್ಷರಗಳನ್ನು ಒಂದೊಂದಾಗಿ ಓದಿ ನೋಡಿದೆ, ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಎಲ್ಲ ಸ್ಲೈಡ್‌ಗಳ ರೂಪ ಒಂದೇ ಕಡೆ ತೀರ್ಮಾನವಾಗುವ ಸ್ಲೈಡ್ ಮಾಸ್ಟರ್‌ಗೆ ಹೋಗಿ ಕನ್ನಡಕ್ಕೆ ನೋಟೊ ಸಾನ್ಸ್ ಕನ್ನಡ ಇಟ್ಟೆ. ಅದು ಉಚಿತ, ಎಲ್ಲ ಕಡೆ ಹಾಕಿಕೊಳ್ಳಬಹುದು. ಮಾಸ್ಟರ್‌ನ ಚೌಕಟ್ಟಿನಲ್ಲೇ ಬರೆದವರ ಸ್ಲೈಡ್‌ಗಳು ಕೂಡಲೇ ಸರಿಯಾದವು. ಸ್ವಂತ ಟೆಕ್ಸ್ಟ್ ಬಾಕ್ಸ್ ಎಳೆದು ಬರೆದವು ಜಗ್ಗಲಿಲ್ಲ, ಕೈಯಿಂದಲೇ ಸರಿಪಡಿಸಬೇಕಾಯಿತು. ಕರೇಜ್ ಚಿತ್ರದ ಹೆಸರುಗಳನ್ನು ಬಾವಿಗಳ ಜೊತೆ ಗ್ರೂಪ್ ಮಾಡಿ, ಇಡೀ ಚಿತ್ರವನ್ನು ಅಕ್ಷರ ಜಾರದ ಪಿಎನ್‌ಜಿ ಚಿತ್ರವಾಗಿ ಮಾಡಿ ಹಾಕಿದೆ. ಆಮೇಲೆ ಫಾಂಟ್ ಅನ್ನು ಫೈಲ್ ಒಳಗೇ ಸೇರಿಸಿ ಸೇವ್ ಮಾಡಿದೆ, ಒಂದು ಪಿಡಿಎಫ್ ಪ್ರತಿಯನ್ನೂ ಇಟ್ಟೆ.

ಸಂಜೆ ಸಭಾಂಗಣದ ಹಳೆಯ ಕಂಪ್ಯೂಟರ್‌ನಲ್ಲಿ ಪ್ರತಿ ಸ್ಲೈಡ್ ನೋಡಿದೆವು. ಕರೇಜ್ ಹೇಳಬೇಕಾದ ಮೇಡಂ ಪರದೆಯ ಹತ್ತಿರ ಹೋಗಿ ಒಂದೊಂದು ಬಾಣ ಮುಟ್ಟಿ ನೋಡಿ, "ಈಗ ಸರಿ ಅದರಿ" ಎಂದರು. ಟೆಂಪ್ಲೇಟ್ ಮತ್ತು ಫಾಂಟ್ ಎರಡೂ ಈಗ ಒಂದೇ ಫೋಲ್ಡರ್‌ನಲ್ಲಿವೆ. ಟೆಂಪ್ಲೇಟ್ ಕೇಳಿದವರಿಗೆ ಇಡೀ ಫೋಲ್ಡರನ್ನೇ ಕಳಿಸುತ್ತೇನೆ.