ಒಂದೇ ಕೈಯ ಎರಡು ನೋವು

ಮೊಮ್ಮಗಳನ್ನು ನೋಡಿಕೊಳ್ಳಲು ಮಗಳ ಮನೆಯಲ್ಲಿದ್ದ ಐದು ತಿಂಗಳಲ್ಲಿ ನನ್ನ ಬಲಗೈಗೆ ಎರಡು ನೋವುಗಳು ಅಂಟಿಕೊಂಡವು. ಮಗುವನ್ನು ಎತ್ತುವಾಗ, ಬಟ್ಟೆ ಹಿಂಡುವಾಗ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದಿಂದ ಚಳುಕು ಹೊಡೆಯುತ್ತಿತ್ತು. ಭುಜದ ನೋವು ಬೇರೆ ಬಗೆಯದು. ಆ ಮಗ್ಗುಲಿಗೆ ಮಲಗಲು ಬಿಡದೆ, ಕ್ರಮೇಣ ಜಡೆ ಹೆಣೆದುಕೊಳ್ಳುವುದನ್ನೂ ಬೆನ್ನು ಉಜ್ಜಿಕೊಳ್ಳುವುದನ್ನೂ ತಪ್ಪಿಸಿತು. ಎರಡೂ ಒಂದೇ ಕಾಯಿಲೆಯೆಂದು ತಿಳಿದು, ಎರಡಕ್ಕೂ ಕರ್ಪೂರದ ಎಣ್ಣೆ ತಿಕ್ಕಿ, ಎರಡು ತಿಂಗಳು ಕೈಯನ್ನು ಆದಷ್ಟು ಅಲುಗಾಡಿಸದೆ ಇಟ್ಟುಕೊಂಡೆ. ಅದರಲ್ಲಿ ಅರ್ಧ ಸರಿ, ಅರ್ಧ ತಪ್ಪು ಎಂದು ಮೂಳೆ ವೈದ್ಯರ ಬಳಿಗೆ ಹೋದ ಮೇಲೆ ತಿಳಿಯಿತು.

ಅವರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಸಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿದಾಗ ನಾನು ಚೀರಿದೆ. ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕರ್ವೇನ್ 1895ರಲ್ಲಿ ವಿವರಿಸಿದ, ಅವರದೇ ಹೆಸರು ಹೊತ್ತ ತೊಂದರೆ ಇದು. ಹೆಬ್ಬೆರಳನ್ನು ಚಲಿಸುವ ಎರಡು ಸ್ನಾಯುರಜ್ಜುಗಳು ಹಾದುಹೋಗುವ ಕಿರಿದಾದ ಕೊಳವೆಯ ಗೋಡೆ ದಪ್ಪವಾದಾಗ, ಪ್ರತಿ ಚಲನೆಯಲ್ಲೂ ಅವು ಅಲ್ಲಿ ಉಜ್ಜಲ್ಪಡುತ್ತವೆ. ಆದ್ದರಿಂದ ಇದಕ್ಕೆ ವಿಶ್ರಾಂತಿಯೇ ಮೊದಲ ಮದ್ದು. ಹೆಬ್ಬೆರಳನ್ನೂ ಹಿಡಿದು ನಿಲ್ಲಿಸುವ ಸ್ಪ್ಲಿಂಟನ್ನು ಆರು ವಾರ ಧರಿಸಿದೆ. ಹೆಬ್ಬೆರಳನ್ನು ಬಿಡಿಯಾಗಿ ಬಿಡುವ ಸಾಮಾನ್ಯ ಮಣಿಕಟ್ಟಿನ ಪಟ್ಟಿ ಇಲ್ಲಿ ಸಾಲದು. ಅದಕ್ಕಿಂತಲೂ ನೆರವಾದದ್ದು ಮಗುವಿನ ಕಂಕುಳಲ್ಲಿ ಹೆಬ್ಬೆರಳು ಅಗಲಿಸಿ ಎತ್ತುವುದನ್ನು ಬಿಟ್ಟು, ಅಂಗೈಯನ್ನು ಕೆಳಗಿನಿಂದ ಕೊಟ್ಟು ಎತ್ತಲು ಕಲಿತದ್ದು.

ಭುಜದ ವಿಷಯ ಇದಕ್ಕೆ ತದ್ವಿರುದ್ಧ. ನಾನಾಗಿ ಎತ್ತಿದರೂ, ವೈದ್ಯರು ಹಿಡಿದು ಎತ್ತಿದರೂ ಕೈ ಒಂದೇ ಎತ್ತರಕ್ಕೆ ನಿಂತುಬಿಡುತ್ತಿತ್ತು; ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಇದು ಫ್ರೋಜನ್ ಶೋಲ್ಡರ್, ಅಂದರೆ ಕೀಲನ್ನು ಸುತ್ತಿರುವ ಚೀಲ ಉರಿಯೂತದಿಂದ ದಪ್ಪಗಾಗಿ ಕುಗ್ಗುವುದು. ನಲವತ್ತರಿಂದ ಅರವತ್ತರ ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯಿರುವವರಲ್ಲಿ ಇದು ಹೆಚ್ಚು. ನನಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷಗಳಾಗಿವೆ. ಇಂಥ ಭುಜವನ್ನು ಅಲುಗಾಡಿಸದೆ ಇಟ್ಟರೆ ಅದು ಮತ್ತಷ್ಟು ಬಿಗಿಯುತ್ತದೆ, ಬಲವಂತವಾಗಿ ಎಳೆದರೆ ನೋವು ಕೆರಳುತ್ತದೆ. ಉಳುಕು ತೆಗೆಯುವವರ ಬಳಿಗೆ ಹೋಗೆಂದು ನೆರೆಯವರು ಒತ್ತಾಯಿಸಿದ್ದರು, ಹೋಗದಿದ್ದುದು ಒಳ್ಳೆಯದಾಯಿತು.

ಫಿಸಿಯೋಥೆರಪಿಯವರು ಕಲಿಸಿದ್ದು ಸರಳವಾದ ವ್ಯಾಯಾಮಗಳು. ಬಿಸಿನೀರಿನ ಶಾಖ ಕೊಟ್ಟ ಮೇಲೆ, ಎಡಗೈಯನ್ನು ಮೇಜಿಗೆ ಊರಿ ಬಾಗಿ, ಬಲಗೈಯನ್ನು ಗಡಿಯಾರದ ಲೋಲಕದಂತೆ ಇಳಿಬಿಟ್ಟು ಸಣ್ಣ ವೃತ್ತಗಳಲ್ಲಿ ತೂಗುವುದು. ಬಳಿಕ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲನೆ ಮೇಲೇರಿಸುವುದು. ದಿನಕ್ಕೆ ಮೂರು ಬಾರಿ, ನೋವು ಸಹಿಸಬಹುದಾದಷ್ಟೇ. ಕೀಲಿಗೆ ಸ್ಟೀರಾಯ್ಡ್ ಚುಚ್ಚುಮದ್ದನ್ನೂ ಒಮ್ಮೆ ಪಡೆದೆ. ಅದಾದ ಕೆಲವು ದಿನ ರಕ್ತದ ಸಕ್ಕರೆ ಏರಬಹುದಾದ್ದರಿಂದ ಮನೆಯಲ್ಲೇ ಪರೀಕ್ಷಿಸಿಕೊಳ್ಳುತ್ತಿದ್ದೆ. ಒಂದು ಮಾತನ್ನು ಇಲ್ಲಿ ಹೇಳಲೇಬೇಕು: ಭುಜದ ನೋವಿನ ಜೊತೆಗೆ ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ ಇದ್ದರೆ ಅದು ಹೃದಯದ್ದಿರಬಹುದು, ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಣಿಕಟ್ಟು ಎರಡು ತಿಂಗಳಲ್ಲಿ ವಾಸಿಯಾಯಿತು. ಭುಜಕ್ಕೆ ಈಗ ಹತ್ತನೆಯ ತಿಂಗಳು. ಅಡುಗೆಮನೆಯ ಮೇಲಿನ ಹಲಗೆಯ ಡಬ್ಬಿ ಕೈಗೆ ಸಿಗುತ್ತಿದೆ, ಜಡೆಯನ್ನೂ ನಾನೇ ಹೆಣೆದುಕೊಳ್ಳುತ್ತಿದ್ದೇನೆ. ಬೆನ್ನ ಹಿಂದೆ ಮಾತ್ರ ಕೈ ಇನ್ನೂ ಸೊಂಟದಿಂದ ಮೇಲಕ್ಕೆ ಹೋಗುತ್ತಿಲ್ಲ.